ಸ್ಟ್ರಾಸ್‌ಬರ್ಗಿನ ತಾಯಿ

ಫ್ರಾನ್ಸಿನ ಪೂರ್ವದ ಗಡಿಯಲ್ಲಿ, ರೈನ್ ನದಿಯ ಬಳಿ ಸ್ಟ್ರಾಸ್‌ಬರ್ಗ್ ಎಂಬ ಪ್ರಾಚೀನ ನಗರವಿದೆ. ಅದು ಅಲ್ಸಾಸ್ ಪ್ರಾಂತ್ಯದ ಮುಖ್ಯ ಪಟ್ಟಣ. 1681ರಲ್ಲಿ ಫ್ರಾನ್ಸಿನ ವಶವಾದ ಈ ನಗರ 1871ರಲ್ಲಿ ಜರ್ಮನಿಗೆ, 1918ರಲ್ಲಿ ಫ್ರಾನ್ಸಿಗೆ, 1940ರಲ್ಲಿ ಪುನಃ ಜರ್ಮನಿಗೆ, 1944ರಲ್ಲಿ ಮರಳಿ ಫ್ರಾನ್ಸಿಗೆ ಸೇರಿತು. 1870ರಲ್ಲಿ ಅಲ್ಲಿ ಹುಟ್ಟಿ, ನನ್ನಂತೆ ಎಪ್ಪತ್ತು ದಾಟಿ ಬಾಳಿದವನು ತಾನು ಬಯಸದೆಯೇ ನಾಲ್ಕು ಸಲ ದೇಶ ಬದಲಿಸಬೇಕಾಯಿತು. ಅಂಥವನ ನಿಷ್ಠೆ ಯಾರಿಗೆ ಸಲ್ಲಬೇಕು?

ನಗರದ ಗಣರಾಜ್ಯ ಚೌಕದಲ್ಲಿ 1936ರಲ್ಲಿ ಸ್ಥಾಪಿಸಿದ ಯುದ್ಧಸ್ಮಾರಕವೊಂದಿದೆ. ತಾಯಿಯೊಬ್ಬಳ ಮಡಿಲಲ್ಲಿ ಸಾಯುತ್ತಿರುವ ಇಬ್ಬರು ಮಕ್ಕಳು. ಒಬ್ಬ ಫ್ರಾನ್ಸಿನ ಪರವಾಗಿ, ಇನ್ನೊಬ್ಬ ಜರ್ಮನಿಯ ಪರವಾಗಿ ಹೋರಾಡಿದವನು. ಮೈಮೇಲೆ ಸಮವಸ್ತ್ರವಿಲ್ಲ. ‘ನಮ್ಮ ಮೃತರಿಗೆ’ ಎಂದಷ್ಟೇ ಬರೆದಿದೆ. ಯಾವ ದೇಶಕ್ಕಾಗಿ ಸತ್ತರೆಂಬ ಮಾತಿಲ್ಲ. ತಾಯಿಗೆ ಇಬ್ಬರೂ ಮಕ್ಕಳೇ.

ಇದೇ ಅಲ್ಸಾಸಿನ ಹಳ್ಳಿಶಾಲೆಯನ್ನು ಕುರಿತು ಆಲ್ಫೋನ್ಸ್ ದೋದೆ ಬರೆದ ‘ಕೊನೆಯ ಪಾಠ’ ಕಥೆ ನಮ್ಮ ದೇಶದ ಪಠ್ಯಪುಸ್ತಕಗಳಿಗೂ ಬಂದಿದೆ. ಇನ್ನು ಜರ್ಮನ್ ಭಾಷೆಯಲ್ಲೇ ಕಲಿಸಬೇಕೆಂಬ ಆಜ್ಞೆ ಬಂದಾಗ, ಹಮೆಲ್ ಮೇಷ್ಟ್ರು ಫ್ರೆಂಚ್ ಭಾಷೆಯ ಕೊನೆಯ ಪಾಠ ಮಾಡುವ ಕಥೆಯದು. ಓದಿದಾಗಲೆಲ್ಲ ಗಂಟಲು ಕಟ್ಟುತ್ತಿತ್ತು. ಅಲ್ಸಾಸಿನ ಬಹುಪಾಲು ಹಳ್ಳಿಮಕ್ಕಳ ಮನೆಮಾತು ಫ್ರೆಂಚ್ ಅಲ್ಲ, ಜರ್ಮನ್ ಕುಲಕ್ಕೆ ಸೇರಿದ ಅಲ್ಸೇಷಿಯನ್ ಎಂಬುದು ತಿಳಿದದ್ದು ಬಹಳ ತಡವಾಗಿ. ಎರಡನೆಯ ಮಹಾಯುದ್ಧದ ಅನಂತರ ಅದೇ ಮನೆಮಾತನ್ನಾಡಿದ ಮಕ್ಕಳನ್ನು ಫ್ರೆಂಚ್ ಶಾಲೆಗಳು ದಂಡಿಸಿದವು. ನೊಂದ ಭಾಷೆಯೂ ನೋಯಿಸಬಲ್ಲದು.

ನಮ್ಮ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಕನ್ನಡಕ್ಕಾದ ಅನ್ಯಾಯವನ್ನು ಸಭೆಗಳಲ್ಲಿ ಹೇಳುತ್ತ ಬಂದವರಲ್ಲಿ ನಾನೂ ಒಬ್ಬ. ಆದರೆ ಕನ್ನಡ ಮಾಧ್ಯಮದ ತರಗತಿಯಲ್ಲಿ ತುಳುವಿನಲ್ಲಿ ಉತ್ತರಿಸಿದ ಹುಡುಗನೊಬ್ಬನನ್ನು ಬೆಂಚಿನ ಮೇಲೆ ನಿಲ್ಲಿಸಿದವನೂ ನಾನೇ. ಅವನ ಉತ್ತರ ಸರಿಯಾಗಿತ್ತು. ಅಂದಿನಿಂದ ಆ ಹುಡುಗ ನನ್ನ ಪಾಠದಲ್ಲಿ ತಾನಾಗಿ ಕೈಯೆತ್ತಲಿಲ್ಲ.

ಶಾಲೆಗೊಂದು ಭಾಷೆ ಬೇಕು. ಅದನ್ನು ಶುದ್ಧವಾಗಿ ಕಲಿಸುವುದು ಅಧ್ಯಾಪಕನ ಧರ್ಮವೂ ಹೌದು. ಆದರೆ ಮನೆಮಾತಿಗೆ ನಾಚುವಂತೆ ಮಾಡಿ ಕಲಿಸಿದ್ದು ವಿದ್ಯೆಯಾಗದು. ಸರಕಾರದಿಂದ ನಾವು ಕೇಳುವ ನ್ಯಾಯವನ್ನು ನಮ್ಮೆದುರು ಕುಳಿತ ಮಗುವಿಗೆ ಕೊಡಲಾರೆವಾದರೆ, ನಾವು ಕೇಳುತ್ತಿರುವುದು ನ್ಯಾಯವನ್ನಲ್ಲ, ಅಧಿಕಾರವನ್ನು.

ಗಡಿನಾಡಿನವರ ಮೊದಲ ನಿಷ್ಠೆ ಆ ಮಗುವಿಗೆ ಸಲ್ಲಲಿ. ಸ್ಟ್ರಾಸ್‌ಬರ್ಗಿನ ತಾಯಿಯಂತೆ ನಮ್ಮ ಕನ್ನಡದ ಮಡಿಲಲ್ಲಿಯೂ ಇಬ್ಬರಿಗೆ ಸ್ಥಳವಿರಲಿ.