ಗೆದ್ದದ್ದು ಜಾಣ್ಮೆಯೋ, ಅದೃಷ್ಟವೋ?

ಇಸ್ಪೀಟಾಟದಲ್ಲಿ ಗೆದ್ದವನನ್ನು ಕೇಳಿದರೆ ತನ್ನ ಲೆಕ್ಕಾಚಾರವನ್ನು ವಿವರಿಸುತ್ತಾನೆ. ಸೋತವನನ್ನು ಕೇಳಿದರೆ ‘ಎಲೆ ಬೀಳಲಿಲ್ಲ’ ಎನ್ನುತ್ತಾನೆ. ಮರುದಿನ ಫಲಿತಾಂಶ ಅದಲು ಬದಲಾದರೆ ಇಬ್ಬರ ಮಾತೂ ಅದಲು ಬದಲಾಗುತ್ತದೆ. ಗೆಲುವು ನಮ್ಮ ಸಾಮರ್ಥ್ಯದಿಂದ, ಸೋಲು ವಿಧಿಯಿಂದ ಎಂದು ನಂಬುವುದು ಮನುಷ್ಯನ ಹಳೆಯ ಚಾಳಿ. ಹವ್ಯಾಸಿಗಳ ಪೋಕರ್ ಪಂದ್ಯಗಳಲ್ಲಿ ಅದು ಎದ್ದು ಕಾಣುತ್ತದೆ.

2003ರಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆದ ‘ವರ್ಲ್ಡ್ ಸೀರೀಸ್ ಆಫ್ ಪೋಕರ್’ ಪ್ರಧಾನ ಸ್ಪರ್ಧೆಯಲ್ಲಿ 839 ಮಂದಿ ಆಡಿದರು. ಪ್ರವೇಶ ಶುಲ್ಕ 10,000 ಡಾಲರ್. ಟೆನ್ನೆಸ್ಸಿಯ ಲೆಕ್ಕಪತ್ರ ನೌಕರ ಕ್ರಿಸ್ ಮನಿಮೇಕರ್, ನೂರು ಡಾಲರಿಗೂ ಕಡಿಮೆ ಶುಲ್ಕದ ಅಂತರ್ಜಾಲ ಪಂದ್ಯವೊಂದನ್ನು ಗೆದ್ದು ಅಲ್ಲಿಗೆ ಬಂದಿದ್ದರು. ಕೊನೆಗೆ 25 ಲಕ್ಷ ಡಾಲರ್ ಬಹುಮಾನ ಅವರದಾಯಿತು.

ಈ ಆಟದಲ್ಲಿ ಪ್ರತಿಯೊಬ್ಬನ ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ನುರಿತ ಆಟಗಾರ ಫಿಲ್ ಐವಿಯವರೊಂದಿಗಿನ ಒಂದು ಸುತ್ತಿನಲ್ಲಿ ಮೂರು ಎಲೆ ಬಿದ್ದಾಗ ಮನಿಮೇಕರ್ ಮುಂದಿದ್ದರು. ನಾಲ್ಕನೆಯ ಎಲೆ ಐವಿಯವರನ್ನು ಮುಂದೆ ತಂದಿತು. ಮನಿಮೇಕರ್‌ಗೆ ಉಳಿದಿದ್ದ ಅವಕಾಶ ಸುಮಾರು ಆರರಲ್ಲಿ ಒಂದು. ಐದನೆಯ ಎಲೆಯಾಗಿ ಎಕ್ಕ ಬಿತ್ತು. ಐವಿ ಹೊರಬಿದ್ದರು. ಇದು ಅದೃಷ್ಟ. ಕೊನೆಯ ಹಂತದಲ್ಲಿ ಸ್ಯಾಮಿ ಫಾರ್ಹಾರ ಎದುರು ಮನಿಮೇಕರ್ ತಮ್ಮಲ್ಲಿ ಏನೂ ಇಲ್ಲದಿದ್ದರೂ ಎಲ್ಲವನ್ನೂ ಪಣಕ್ಕಿಟ್ಟರು. ಮೇಲಾದ ಎಲೆ ಹೊಂದಿದ್ದ ಫಾರ್ಹಾ ಹಿಂದೆ ಸರಿದರು. ಇದು ಎದೆಗಾರಿಕೆ, ಜಾಣ್ಮೆ. ಎರಡರಲ್ಲಿ ಒಂದಿಲ್ಲದಿದ್ದರೂ ಆ ಹೆಸರು ನಮಗೆ ತಿಳಿಯುತ್ತಿರಲಿಲ್ಲ. ಆದರೆ ಜಗತ್ತು ಕಲಿತ ಪಾಠ ‘ಯಾರು ಬೇಕಾದರೂ ಗೆಲ್ಲಬಹುದು’ ಎಂಬುದು. ಮರುವರ್ಷ 2,576 ಮಂದಿ ಬಂದರು, 2006ರಲ್ಲಿ 8,773 ಮಂದಿ.

ಲೆಕ್ಕ ಬೇರೆಯೇ ಹೇಳುತ್ತದೆ. ಐದರಲ್ಲಿ ನಾಲ್ಕು ಬಾರಿ ಗೆಲ್ಲುವಂಥ ಸ್ಥಿತಿಯಲ್ಲಿ ಮಾತ್ರ ಒಬ್ಬ ತನ್ನೆಲ್ಲವನ್ನೂ ಪಣಕ್ಕಿಡುತ್ತಾನೆ ಎಂದುಕೊಳ್ಳೋಣ. ನಿರ್ಧಾರ ಪ್ರತಿ ಸಲವೂ ಸರಿಯೇ. ಆದರೂ ಐದು ಬಾರಿ ಹಾಗೆ ಮಾಡಿದರೆ ಪಂದ್ಯದಲ್ಲಿ ಉಳಿಯುವ ಸಂಭವ ನೂರಕ್ಕೆ 33 ಮಾತ್ರ. ಜಾಣ್ಮೆಗೆ ಫಲ ಸಿಗುವುದು ಸಾವಿರಾರು ಸುತ್ತುಗಳ ನಂತರ. ವಾರಕ್ಕೊಮ್ಮೆ ಆಡುವ ಹವ್ಯಾಸಿಗೆ, ಅದರಲ್ಲೂ ಕೆಲವು ನಿಮಿಷಗಳಿಗೊಮ್ಮೆ ಕಡ್ಡಾಯ ಪಣ ಏರುವ ಪಂದ್ಯಗಳಲ್ಲಿ, ಅಷ್ಟು ಕಾಲಾವಕಾಶವೇ ಇರುವುದಿಲ್ಲ. ಸೋತವನನ್ನು ಮತ್ತೆ ಮೇಜಿಗೆ ಕರೆತರುವುದು ‘ಇದು ಜಾಣರ ಆಟ, ನಾನೂ ಜಾಣ’ ಎಂಬ ನಂಬಿಕೆ.

ಒಂದು ವೇಳೆ ಇದು ಪೂರ್ತಿಯಾಗಿ ಜಾಣ್ಮೆಯ ಆಟವೇ ಆಗಿದ್ದರೆ ಆ ಗಳಿಕೆ ಶುದ್ಧವಾಗುತ್ತದೆಯೇ? ದರ್ಜಿಯ ಜಾಣ್ಮೆಯಿಂದ ಇನ್ನೊಬ್ಬನಿಗೆ ಅಂಗಿ ಸಿಗುತ್ತದೆ, ರೈತನ ಜಾಣ್ಮೆಯಿಂದ ಅಕ್ಕಿ. ಹಣ ಕೊಟ್ಟವನೂ ಬರಿಗೈಯಲ್ಲಿ ಹೋಗುವುದಿಲ್ಲ. ಪೋಕರ್‌ನಲ್ಲಿ ಬಹುಮಾನವೆಂದರೆ ಆಡಿದವರೆಲ್ಲರ ಹಣ, ಅದರಲ್ಲಿ ಆಯೋಜಕರ ಪಾಲು ಕಳೆದು ಉಳಿದದ್ದು. ಜಾಣ್ಮೆಯ ಅಂಶ ಹೆಚ್ಚಿದಷ್ಟೂ ಹೊಸಬನ ಸೋಲು ಖಚಿತವಾಗುತ್ತದೆ. ಧರ್ಮರಾಯ ಸೋತದ್ದು ಶಕುನಿಯ ಕೈಚಳಕಕ್ಕೆ. ಶಕುನಿ ನಿಪುಣ ಎಂಬ ಕಾರಣಕ್ಕೆ ಆ ಆಟವನ್ನು ಯಾರೂ ನ್ಯಾಯವೆನ್ನಲಿಲ್ಲ. ಕುರ್‌ಆನ್ ಕೂಡ ಜೂಜಿನಲ್ಲಿ ಜನರಿಗೆ ಕೆಲವು ಲಾಭಗಳಿವೆ ಎಂಬುದನ್ನು ಅಲ್ಲಗಳೆಯದೆಯೇ, ಅದರ ಪಾಪ ಆ ಲಾಭಕ್ಕಿಂತ ದೊಡ್ಡದೆಂದು ಎಚ್ಚರಿಸುತ್ತದೆ.

ನಮ್ಮ ಕಾನೂನು ಬಹುಕಾಲ ಜಾಣ್ಮೆ–ಅದೃಷ್ಟಗಳ ತಕ್ಕಡಿಯನ್ನೇ ಹಿಡಿದಿತ್ತು. ರಮ್ಮಿ ಪ್ರಧಾನವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1968ರಲ್ಲಿ ಹೇಳಿತು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಈ ತಕ್ಕಡಿಯನ್ನೇ ಬದಿಗಿಟ್ಟು, ಕೌಶಲವಿರಲಿ ಅದೃಷ್ಟವಿರಲಿ, ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಆಟದ ಸ್ವರೂಪಕ್ಕಿಂತ ಮನೆಗಳಿಗೆ ಆಗುವ ಹಾನಿಯನ್ನು ನೋಡಿದ್ದು ಸರಿಯಾದ ದಿಕ್ಕೆಂದೇ ನಾವು ಭಾವಿಸುತ್ತೇವೆ.

ಆದರೆ ಕಾನೂನು ಮುಟ್ಟಲಾಗದ ಪ್ರಶ್ನೆಯೊಂದು ಉಳಿಯುತ್ತದೆ. ಇಸ್ಪೀಟು ಮುಟ್ಟದ ನಾವೂ ಉದ್ಯೋಗ, ವ್ಯಾಪಾರ, ಮಕ್ಕಳ ರ‍್ಯಾಂಕು ಎಲ್ಲವನ್ನೂ ನಮ್ಮ ಜಾಣ್ಮೆಯ ಖಾತೆಗೇ ಜಮೆ ಮಾಡುತ್ತೇವೆ. ಹುಟ್ಟಿದ ಮನೆ, ಓದಿಸಿದ ತಾಯಿ, ಕೆಡದ ಆರೋಗ್ಯ, ಸಕಾಲಕ್ಕೆ ಕೈಹಿಡಿದ ಒಬ್ಬ ಪರಿಚಯಸ್ಥ, ಇವು ನಾವು ಗಳಿಸಿದವುಗಳಲ್ಲ, ಸಿಕ್ಕಿದವು. ಶ್ರಮ ಸುಳ್ಳೆಂದು ಇದರ ಅರ್ಥವಲ್ಲ. ನಮ್ಮಷ್ಟೇ ದುಡಿದೂ ಆ ಐದನೆಯ ಎಲೆ ಬೀಳದವರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರನ್ನು ಸೋಮಾರಿ, ದಡ್ಡ ಎಂದು ಕರೆಯುವ ಹಕ್ಕು ನಮಗಿಲ್ಲ. ಸಿಕ್ಕಿದ್ದರಲ್ಲಿ ಅವರಿಗೂ ಒಂದು ಪಾಲಿದೆ ಎಂದು ಒಪ್ಪಿಕೊಳ್ಳುವ ಹೊಣೆ ಮಾತ್ರ ಇದೆ.