ಹಿಟ್ಟಿನ ಕೋಳಿಯೂ ಗಾಳದ ಹಕ್ಕಿಯೂ

ಜನ್ನನ ‘ಯಶೋಧರ ಚರಿತೆ’ ಓದಿದವರು ಆ ಹಿಟ್ಟಿನ ಕೋಳಿಯನ್ನು ಮರೆಯುವುದಿಲ್ಲ. ಕೆಟ್ಟ ಕನಸಿನ ಪರಿಹಾರಕ್ಕೆ ಬಲಿ ಕೊಡು ಅಂತ ತಾಯಿ ಚಂದ್ರಮತಿ ಹಟ ಹಿಡಿಯುತ್ತಾಳೆ. ಜೀವ ತೆಗೆಯಲು ಮನಸ್ಸಿಲ್ಲದ ಯಶೋಧರ, ಹಿಟ್ಟಿನಲ್ಲಿ ಮಾಡಿದ ಕೋಳಿಯನ್ನು ಕಡಿಯಲು ಒಪ್ಪುತ್ತಾನೆ. ಅಷ್ಟಕ್ಕೇ ತಾಯಿ ಮಗ ಇಬ್ಬರೂ ಜನ್ಮ ಜನ್ಮ ಪ್ರಾಣಿಗಳಾಗಿ ಹುಟ್ಟಿ ಕೊಲೆಯಾಗಬೇಕಾಗುತ್ತದೆ. (ಒಂದು ಜನ್ಮದಲ್ಲಿ ರಾಜ ಮೀನಾಗಿಯೂ ಹುಟ್ಟುತ್ತಾನೆ.) ಯಾವ ಜೀವವೂ ಹೋಗಿಲ್ಲ, ಆದರೂ ಹಿಂಸೆ ನಡೆದಿದೆ. ಯಾಕೆಂದರೆ ಸಂಕಲ್ಪವಿತ್ತು. 1209ರ ಈ ಕಾವ್ಯದ ತರ್ಕ ಇದು.

ಈಗ ಇದನ್ನು ತಿರುಗಿಸಿ ನೋಡಿ. ಸಂಕಲ್ಪ ಎಳ್ಳಷ್ಟೂ ಇಲ್ಲ, ಆದರೆ ಸಾವಿರಾರು ಜೀವ ಹೋಗುತ್ತಿದೆ. ಆಗ ಏನನ್ನಬೇಕು?

ಲಾಂಗ್‌ಲೈನ್ ಅಂದರೆ ಹೆಸರೇ ಹೇಳುವಂತೆ ಉದ್ದದ ಗಾಳ. ಎಷ್ಟು ಉದ್ದ ಅಂದರೆ, ಟ್ಯೂನಾ ಹಿಡಿಯುವ ದೊಡ್ಡ ಹಡಗೊಂದು ಬಿಡುವ ಮುಖ್ಯ ಹಗ್ಗ ನೂರು ಕಿಲೋಮೀಟರ್ ತನಕವೂ ಇರಬಹುದು. ಅದರಿಂದ ಇಳಿಬಿಟ್ಟ ಕವಲು ದಾರಗಳ ತುದಿಯಲ್ಲಿ ಎರಡು ಮೂರು ಸಾವಿರ ಕೊಕ್ಕೆಗಳು, ಒಂದೊಂದಕ್ಕೂ ಮೀನೋ ಬೊಂಡಾಸವೋ ಸಿಕ್ಕಿಸಿರುತ್ತಾರೆ. ಹಡಗಿನ ಹಿಂಬದಿಯಿಂದ ಇದು ಇಳಿಯುತ್ತಾ ಹೋಗುವಾಗ ಮೊದಲ ಕೆಲವು ಮೀಟರ್ ಆಳದವರೆಗೆ ಎರೆ ಕಣ್ಣಿಗೆ ಕಾಣುತ್ತಿರುತ್ತದೆ. ದಕ್ಷಿಣ ಸಾಗರದಲ್ಲಿ ಅದನ್ನು ನೋಡುವ ಕಣ್ಣು ಆಲ್ಬಟ್ರಾಸ್‌ನದು. ಹಕ್ಕಿ ಎರಗುತ್ತದೆ, ಕೊಕ್ಕೆ ಸಿಕ್ಕಿಕೊಳ್ಳುತ್ತದೆ, ಹಗ್ಗದ ಭಾರ ಕೆಳಗೆಳೆದು ಮುಳುಗಿಸುತ್ತದೆ. ಕೆಲವು ಗಂಟೆ ಬಿಟ್ಟು ಹಗ್ಗ ಎಳೆದಾಗ ಮೀನು ಇರಬೇಕಾದ ಜಾಗದಲ್ಲಿ ಒದ್ದೆ ಗರಿ.

ಅಲೆಮಾರಿ ಆಲ್ಬಟ್ರಾಸ್‌ನ ರೆಕ್ಕೆ ಬಿಚ್ಚಿದರೆ ಮೂರು ಮೀಟರಿಗೂ ಹೆಚ್ಚು. ಮೊದಲ ಮೊಟ್ಟೆ ಇಡಲು ಹತ್ತು ವರ್ಷ ಬೇಕು. ಆಮೇಲೂ ಎರಡು ವರ್ಷಕ್ಕೆ ಒಂದೇ ಮೊಟ್ಟೆ. ಮರಿ ಇಡೀ ಚಳಿಗಾಲ ಗೂಡಿನಲ್ಲೇ ಕೂತು ಅಪ್ಪ ಅಮ್ಮನ ದಾರಿ ಕಾಯುತ್ತದೆ. ಒಬ್ಬರು ಬರದೇ ಹೋದರೆ ಇನ್ನೊಬ್ಬರು ತರುವ ತುತ್ತು ಸಾಮಾನ್ಯವಾಗಿ ಸಾಲುವುದಿಲ್ಲ. ಅರ್ಧ ಶತಮಾನ ಬದುಕಬಲ್ಲ, ಇಷ್ಟು ನಿಧಾನವಾಗಿ ಹೆರುವ ಜೀವಿಗೆ ಸಾವಿನ ಲೆಕ್ಕ ಸ್ವಲ್ಪ ಏರಿದರೂ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಟಾಸ್ಮೇನಿಯಾದ ನೈಜೆಲ್ ಬ್ರದರ್ಸ್ ಜಪಾನಿ ಹಡಗುಗಳಲ್ಲಿ ಓಡಾಡಿ ಎಣಿಸಿ, 1991ರಲ್ಲಿ ಪ್ರಕಟಿಸಿದ ಅಂದಾಜು: ಆ ಹಡಗುಗಳಿಂದ ದಕ್ಷಿಣ ಸಾಗರದಲ್ಲಿ ವರ್ಷಕ್ಕೆ 44,000 ಆಲ್ಬಟ್ರಾಸ್‌ಗಳ ಸಾವು.

ಕ್ಯಾಪ್ಟನ್‌ನನ್ನು ಕೇಳಿದರೆ ಅವನು ಪ್ರಾಮಾಣಿಕವಾಗಿಯೇ ಹೇಳಬಹುದು: ನನಗೆ ಹಕ್ಕಿ ಬೇಡ. ಹಕ್ಕಿ ಸಿಕ್ಕಿದ ಕೊಕ್ಕೆಯಲ್ಲಿ ಟ್ಯೂನಾ ಸಿಗಲ್ಲ, ನನಗೇ ನಷ್ಟ. ಜನ್ನನ ಶತಮಾನದಲ್ಲೇ ಯೂರೋಪಿನಲ್ಲಿ ಹುಟ್ಟಿದ ಥಾಮಸ್ ಅಕ್ವಿನಾಸ್ ಈ ಮಾತಿಗೆ ಸ್ವಲ್ಪ ಕಿವಿಗೊಡುತ್ತಿದ್ದನೇನೋ. ಉದ್ದೇಶಿಸಿದ ಫಲ ಬೇರೆ, ಉದ್ದೇಶವಿಲ್ಲದೆ ಜೊತೆಗೆ ಬಂದ ಫಲ ಬೇರೆ ಎಂಬ ವಿಂಗಡಣೆಯ ಮೂಲವನ್ನು ಅವನಲ್ಲೇ ಹುಡುಕುತ್ತಾರೆ. ವಿಂಗಡಣೆ ಸುಳ್ಳಲ್ಲ. ಆದರೆ ಮೊದಲ ಹಕ್ಕಿ ಜೊತೆಗೆ ಬಂದ ಫಲ ಅನ್ನಬಹುದು. ಹತ್ತು ಸಾವಿರದ ಹಕ್ಕಿಗೂ ಅದನ್ನೇ ಅನ್ನಬಹುದಾ?

ನನಗೆ ಇಲ್ಲಿ ಜೈನರ ಇನ್ನೊಂದು ಮಾತು ಹೆಚ್ಚು ಗಟ್ಟಿ ಅನ್ನಿಸುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ವ್ಯಾಖ್ಯೆ ಬರೀ ಸಂಕಲ್ಪದ ಮೇಲೆ ನಿಂತಿಲ್ಲ. ಪ್ರಮಾದದಿಂದ ಜೀವ ತೆಗೆಯುವುದು ಹಿಂಸೆ ಅನ್ನುತ್ತದೆ. ಪ್ರಮಾದ ಅಂದರೆ ಎಚ್ಚರಗೇಡಿತನ. ‘ನಾನು ಕೊಲ್ಲಬೇಕು ಅಂತಿರಲಿಲ್ಲ’ ಅಂದರೆ ಸಾಲದು, ‘ನಾನು ಎಚ್ಚರದಿಂದಿದ್ದೆ’ ಅಂತ ಹೇಳಲು ಬರಬೇಕು.

ಎಚ್ಚರಕ್ಕೆ ಬೇಕಾದದ್ದಾದರೂ ಎಷ್ಟು? ಹಡಗಿನ ಹಿಂದೆ ಎತ್ತರದ ಕಂಬದಿಂದ ಬಣ್ಣದ ಪಟ್ಟಿ ನೇತುಹಾಕಿದ ಹಗ್ಗವೊಂದನ್ನು ಎಳೆದುಕೊಂಡು ಹೋದರೆ ಹಕ್ಕಿಗಳು ಎರೆಯ ಹತ್ತಿರ ಬರಲು ಹೆದರುತ್ತವೆ. ಹೊಲದಲ್ಲಿ ನಾವು ಬೆರ್ಚಪ್ಪ ನಿಲ್ಲಿಸಿದ ಹಾಗೆ. ಇದನ್ನು ಕಂಡುಹಿಡಿದವರು ಜಪಾನಿ ಮೀನುಗಾರರೇ. ‘ತೋರಿ’ ಅಂದರೆ ಅವರ ಭಾಷೆಯಲ್ಲಿ ಹಕ್ಕಿ. ಅವರಿಗೆ ಉಳಿಸಬೇಕಾಗಿದ್ದು ಎರೆ, ಹಕ್ಕಿಯನ್ನಲ್ಲ. ಯಶೋಧರನ ಕತೆ ಪೂರಾ ಉಲ್ಟಾ: ಕರುಣೆಯ ಸಂಕಲ್ಪವೇ ಇಲ್ಲದೆ ಜೀವ ಉಳಿಯಿತು. ಹಕ್ಕಿಗೆ ಉದ್ದೇಶದ ಪರಿಶುದ್ಧಿ ಕಟ್ಟಿಕೊಂಡು ಏನಾಗಬೇಕು? ಇದರ ಜೊತೆ ದಾರಕ್ಕೆ ಭಾರ ಕಟ್ಟುವುದು, ಕತ್ತಲಲ್ಲಿ ಗಾಳ ಬಿಡುವುದು ಸೇರಿದರೆ ಬಹುಪಾಲು ಸಾವು ತಪ್ಪುತ್ತದೆ. ದಕ್ಷಿಣ ಜಾರ್ಜಿಯಾ ದ್ವೀಪದ ಸುತ್ತ ಇಂಥ ನಿಯಮ ತಂದು, ಹಕ್ಕಿಗಳು ಮರಿ ಸಾಕುವ ಬೇಸಿಗೆಯಲ್ಲಿ ಮೀನುಗಾರಿಕೆ ನಿಲ್ಲಿಸಿದರು. ವರ್ಷಕ್ಕೆ ಸಾವಿರಗಟ್ಟಲೆ ಸಾಯುತ್ತಿದ್ದ ಕಡೆ ಸಂಖ್ಯೆ ಹೆಚ್ಚುಕಮ್ಮಿ ಸೊನ್ನೆಗಿಳಿಯಿತು.

ಆದರೂ ಆ ದ್ವೀಪದ ಅಲೆಮಾರಿ ಆಲ್ಬಟ್ರಾಸ್‌ಗಳು ಕಡಿಮೆಯಾಗುವುದು ನಿಲ್ಲಲಿಲ್ಲ. ಅವು ಸಾವಿರಾರು ಕಿಲೋಮೀಟರ್ ಹಾರಿ ಹೋಗಿ ಬೇರೆ ಯಾರದೋ ಗಾಳಕ್ಕೆ ಬೀಳುತ್ತಿದ್ದವು.

ನನಗೆ ತೊಡಕಾಗುವುದು ಇಲ್ಲಿ. ನಾನು ಎಚ್ಚರದಿಂದಿದ್ದರೆ ಸಾಕಾ? ಅಮೆರಿಕದಲ್ಲಿ ಕಡಲಾಮೆಗಳ ಸಾವಿನ ಕಾರಣಕ್ಕೆ ಹವಾಯಿಯ ಕತ್ತಿಮೀನು ಲಾಂಗ್‌ಲೈನನ್ನು 2001ರಲ್ಲಿ ಮುಚ್ಚಿದರು. ಅಲ್ಲಿನವರು ಕತ್ತಿಮೀನು ತಿನ್ನುವುದನ್ನು ಬಿಡಲಿಲ್ಲ. ಆಮೆಯ ಬಗ್ಗೆ ಯಾವ ನಿಯಮವೂ ಇಲ್ಲದ ಹಡಗುಗಳ ಮೀನು ತಟ್ಟೆಗೆ ಬಂತು. ಕೈ ಶುದ್ಧವಾಯಿತು, ಆಮೆಗಳು ಬೇರೆ ಕಡೆ ಸತ್ತವು. 2004ರಲ್ಲಿ ಮತ್ತೆ ತೆರೆದಾಗ ದುಂಡು ಕೊಕ್ಕೆ, ಬೊಂಡಾಸದ ಬದಲು ಮೀನಿನ ಎರೆ, ಪ್ರತಿ ಹಡಗಿನಲ್ಲೂ ವೀಕ್ಷಕ, ಆಮೆಗಳ ಲೆಕ್ಕಕ್ಕೊಂದು ಮಿತಿ ಎಲ್ಲ ಬಂತು. ಸಿಕ್ಕಿಬೀಳುವ ಆಮೆಗಳು ಬಹಳ ಕಡಿಮೆಯಾದವು. ಹಾಗಾಗಿ ‘ನಾನು ಬಿಟ್ಟೆ’ ಅನ್ನುವುದಕ್ಕಿಂತ ‘ಮಾಡುವುದನ್ನು ನೆಟ್ಟಗೆ ಮಾಡಿದೆ’ ಅನ್ನುವುದು ಕೆಲವೊಮ್ಮೆ ಹೆಚ್ಚಿನ ಅಹಿಂಸೆ. ಸಸ್ಯಾಹಾರಿ ಗೆಳೆಯರಿಗೆ ಈ ಮಾತು ಹಿಡಿಸಲಿಕ್ಕಿಲ್ಲ, ಇರಲಿ.

ಪ್ರಮಾದ ಯಾರದ್ದು ಅನ್ನುವುದೂ ಸುಲಭದ ಪ್ರಶ್ನೆಯಲ್ಲ. ದೂರ ಸಮುದ್ರದ ಈ ಹಡಗುಗಳಲ್ಲಿ ದುಡಿಯುವವರು ಬಹಳಷ್ಟು ಮಂದಿ ಇಂಡೋನೇಷ್ಯಾ, ಫಿಲಿಪೈನ್ಸಿನ ಬಡ ಹುಡುಗರು. ತಿಂಗಳುಗಟ್ಟಲೆ ದಡ ಕಾಣದೆ, ನಿದ್ದೆಗೆಟ್ಟು ಕೊಕ್ಕೆಗೆ ಎರೆ ಸಿಕ್ಕಿಸುವವನಿಗೆ ‘ಎಚ್ಚರದಿಂದಿರು’ ಅಂತ ಉಪದೇಶ ಮಾಡಲು ನನಗೆ ನಾಲಿಗೆ ಏಳುವುದಿಲ್ಲ. ಎಚ್ಚರವಾಗಿರಲೂ ಬಿಡುವು ಬೇಕು. ಅದು ಇರುವುದು ಹಡಗಿನ ಮಾಲೀಕನಿಗೆ, ನಿಯಮ ಬರೆಯುವ ದೇಶಗಳಿಗೆ, ಕೊಳ್ಳುವವರಿಗೆ. ಭಾರತವೂ ಸದಸ್ಯನಾಗಿರುವ ಹಿಂದೂ ಮಹಾಸಾಗರ ಟ್ಯೂನಾ ಆಯೋಗ, 25 ಡಿಗ್ರಿ ದಕ್ಷಿಣ ಅಕ್ಷಾಂಶದಿಂದ ಕೆಳಗೆ ಮೀನು ಹಿಡಿಯುವ ಲಾಂಗ್‌ಲೈನ್ ಹಡಗುಗಳು ಮೇಲೆ ಹೇಳಿದ ಮೂರು ಉಪಾಯಗಳಲ್ಲಿ ಎರಡನ್ನಾದರೂ ಪಾಲಿಸಬೇಕು ಅಂತ 2012ರಲ್ಲಿ ನಿರ್ಣಯ ಮಾಡಿತು. ಒಳ್ಳೆಯದೇ. ಆದರೆ ಅದೇ ಆಯೋಗ ವೀಕ್ಷಕರ ಕಣ್ಣಿಗೆ ಬೀಳಲೇಬೇಕು ಅಂತ ಕೇಳಿದ್ದು ಗಾಳ ಬಿಡುವ ನೂರು ಸಲದಲ್ಲಿ ಐದು ಸಲ. ಉಳಿದ ತೊಂಬತ್ತೈದು ಸಲ ಬಣ್ಣದ ಪಟ್ಟಿಯ ಹಗ್ಗ ಕಂಬಕ್ಕೇರಿತೋ ಇಲ್ಲವೋ, ಆ ಕತ್ತಲಿಗೇ ಗೊತ್ತು.

ನಾನು ಮೀನು ತಿನ್ನುವವನು. ಮನೆಯಲ್ಲಿದ್ದ ಟ್ಯೂನಾ ಡಬ್ಬಿಯನ್ನು ಈ ಬರಹದ ನೆಪದಲ್ಲಿ ತಿರುಗಿಸಿ ತಿರುಗಿಸಿ ಓದಿದೆ. ಯಾವ ಎಣ್ಣೆ ಅಂತ ಇತ್ತು, ಉಪ್ಪು ಎಷ್ಟು ಅಂತ ಇತ್ತು, ಕೆಡುವ ತಾರೀಖು ಇತ್ತು. ಹೇಗೆ ಹಿಡಿದದ್ದು ಅಂತ ಇರಲಿಲ್ಲ.