ದೀರ್ಘಗಾನವೂ ಶ್ರೋತೃಧರ್ಮವೂ

ಹಾಡೊಂದು ಎಷ್ಟು ಹೊತ್ತಿನದಾಗಿರಬೇಕು? ಈ ಪ್ರಶ್ನೆಗೆ ಬಹುಕಾಲ ಉತ್ತರ ಕೊಟ್ಟುದು ಗ್ರಾಮಫೋನಿನ ತಟ್ಟೆ. ಹತ್ತಂಗುಲದ ಹಳೆಯ ತಟ್ಟೆಯ ಒಂದು ಮಗ್ಗುಲು ಸುಮಾರು 3 ನಿಮಿಷದ ಗಾನವನ್ನು ಮಾತ್ರ ಹಿಡಿಯುತ್ತಿದ್ದಿತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅಂತಹ ಗಾಯಕಿಯೂ ತನ್ನ ವಿಸ್ತಾರವಾದ ಸಂಗೀತವನ್ನು ಆ ಅಳತೆಗೆ ಕುಗ್ಗಿಸಬೇಕಾಯಿತು. 1948ರಲ್ಲಿ ಅಮೆರಿಕೆಯಲ್ಲಿ ದೀರ್ಘಾವಧಿಯ ತಟ್ಟೆ ಬಂದು, ಒಂದು ಮಗ್ಗುಲಿಗೆ 20 ನಿಮಿಷಕ್ಕೂ ಮಿಕ್ಕ ಅವಕಾಶ ದೊರೆತ ಮೇಲೂ ಜನಪ್ರಿಯ ಗೀತೆಯು ಬಹುಮಟ್ಟಿಗೆ ಹಳೆಯ ಎಲ್ಲೆಯೊಳಗೇ ಉಳಿಯಿತು. ಯಂತ್ರದ ಅಳತೆ ಅಭ್ಯಾಸವಾಯಿತು; ಅಭ್ಯಾಸವು ಅಭಿರುಚಿಯೆನಿಸಿಕೊಂಡಿತು.

ಹೀಗಿರಲು, ಆ ಎಲ್ಲೆಯನ್ನು ಮೀರಿದ ಹಾಡುಗಳಿಗೆ ಸಾಮಾನ್ಯ ಜನರು ಮನಸೋತುದೇಕೆ? 1975ರಲ್ಲಿ ದಿವಂಗತರಾದ ಈಜಿಪ್ಟಿನ ಉಮ್ ಕುಲ್ಸೂಮ್ ಅವರ ಗಾನವು ತಿಂಗಳ ಮೊದಲ ಗುರುವಾರದ ರಾತ್ರಿ ರೇಡಿಯೋದಲ್ಲಿ ಪ್ರಸಾರವಾಗುತ್ತಿದ್ದಿತು. ಅರಬ್ಬೀ ನುಡಿಯ ನಾಡುಗಳಲ್ಲೆಲ್ಲ ಜನರು ಅದಕ್ಕಾಗಿ ಕಾದಿರುತ್ತಿದ್ದರು. 1964ರಲ್ಲಿ ಅವರು ಮೊದಲು ಹಾಡಿದ ‘ಇಂತ ಉಮ್ರಿ’ ಸಭೆಯಲ್ಲಿ ಸುಮಾರು ಒಂದು ಗಂಟೆ ನಡೆಯುತ್ತಿದ್ದಿತು. ಅದರ ಸಾಹಿತ್ಯವನ್ನು ಬರಿದೆ ಓದಿದರೆ ಕೆಲವೇ ನಿಮಿಷಗಳು ಸಾಕು. ಸಭೆಯು ಬೇಡಿದಂತೆಲ್ಲ ಅವರು ಒಂದೇ ಸಾಲನ್ನು ಮತ್ತೆ ಮತ್ತೆ, ಪ್ರತಿಸಲವೂ ಬೇರೊಂದು ಭಾವಚ್ಛಾಯೆಯಿಂದ ಹಾಡುವರು. ಇಂಗ್ಲೆಂಡಿನ ಬೀಟಲ್ಸ್ ಮೇಳದ ‘ಹೇ ಜೂಡ್’ 1968ರದು, 7 ನಿಮಿಷ ಮೀರಿದುದು. ಅದರ ಉತ್ತರಾರ್ಧವೆಲ್ಲ ಒಂದೇ ಪಲುಕಿನ ಆವರ್ತನ.

ಹನುಮಂತನ ಬಾಲದಂತೆ ಬೆಳೆಯುವ ಇಂತಹ ಹಾಡು ಕಾಲಹರಣವಲ್ಲವೆ ಎಂದು ಮಿತವ್ಯಯಿಗಳು ಆಕ್ಷೇಪಿಸಬಹುದು. ಅರ್ಥವನ್ನು ತಿಳಿಯುವುದೊಂದೇ ಕೇಳುವುದರ ಗುರಿಯಾದರೆ ಈ ಆಕ್ಷೇಪಕ್ಕೆ ಉತ್ತರವಿಲ್ಲ. ಎರಡನೆಯ ಸಲ ಹಾಡಿದುದೇ ವ್ಯರ್ಥ. ಆದರೆ ಮಗನನ್ನು ಕಳೆದುಕೊಂಡ ತಾಯಿಯ ಬಳಿ ಕುಳಿತವನು, ಆಕೆ ಅದೇ ಮಾತನ್ನು ಹತ್ತನೆಯ ಸಲ ಆಡಿದಾಗ, ‘ತಿಳಿಯಿತು’ ಎಂದು ಎದ್ದುಹೋಗುವನೆ? ಮಾತಿನ ಅರ್ಥ ಮೊದಲ ಸಲವೇ ಮುಗಿದಿತ್ತು; ಅಳಲು ಮುಗಿದಿರಲಿಲ್ಲ. ಒಲವೂ ಅಳಲೂ ಒಮ್ಮೆ ಹೇಳಿ ಮುಗಿಸುವ ಸುದ್ದಿಗಳಲ್ಲ. ದೀರ್ಘಗಾನವು ಅವುಗಳಿಗೆ ತಕ್ಕ ಕಾಲವನ್ನು ಕೊಡುತ್ತದೆ. ನಮ್ಮಿಂದಲೂ ಅದೇ ಔದಾರ್ಯವನ್ನು ಬೇಡುತ್ತದೆ.

ಉದ್ದವೆಲ್ಲ ಹಿರಿಮೆಯೆಂದು ಇದರ ಅರ್ಥವಲ್ಲ. ಗಾಯಕನ ಅಹಂಕಾರದಿಂದ ಬೆಳೆದ ಹಾಡು ಕೇಳುವವರ ಮೇಲೆ ಹೇರಿದ ತೆರಿಗೆ. ಪಕ್ಕದವರ ಕರೆಯೇ ಕೇಳಿಸದಂತೆ ಮಾಡುವ ಹಾಡು ಬರಿಯ ಅಮಲು. ಇವೆರಡನ್ನೂ ಬೇರ್ಪಡಿಸುವ ವಿವೇಕವು ಶ್ರೋತೃವಿನ ಧರ್ಮದಲ್ಲಿ ಸೇರಿದೆ.

ಇಂದು ಯಂತ್ರವು ಯಾವ ಮಿತಿಯನ್ನೂ ಹಾಕುತ್ತಿಲ್ಲ. ಹಾಡನ್ನು ನಡುವೆಯೇ ಬಿಟ್ಟು ಮುಂದಿನದಕ್ಕೆ ಹಾರಲು ಬೆರಳಿನ ಸೋಂಕು ಸಾಕು. ಆದುದರಿಂದ ಈಗ ಉಳಿದಿರುವ ಮಿತಿ ನಮ್ಮ ಮನಸ್ಸಿನದು. ಹಾಡಿಗೆ ಒಂದು ಗಂಟೆ ಕಿವಿಗೊಟ್ಟವನು, ಮನೆಯ ಮೂಲೆಯಲ್ಲಿ ಹಳೆಯ ಕಥೆಯನ್ನೇ ಮತ್ತೆ ಹೇಳುವ ಅಜ್ಜಿಗೆ ಕಾಲುಗಂಟೆಯನ್ನಾದರೂ ಕೊಡಬಲ್ಲನೆ? ಕೊಡಬಲ್ಲನಾದರೆ, ಹಾಡು ಉದ್ದವಾಯಿತೆಂದು ಯಾರೂ ದೂರಬೇಕಾಗಿಲ್ಲ.